ಹಳೆಯ ಎಂಜಿಬಿ: ನೋಡುವುದು, ಕೊಳ್ಳುವುದು, ಕೈಯಾರೆ ಸರಿಮಾಡಿಕೊಳ್ಳುವುದು

ಮೊದಲ ಸಲ ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿದಾಗ ನನಗೆ ಅಪ್ಪನ ಅಂಬಾಸಿಡರ್ ನೆನಪಾಯಿತು. ಅದಕ್ಕೆ ಕಾರಣವೂ ಇತ್ತು. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್, ಎಂಜಿಬಿಯ 1798 ಸಿಸಿ ಎಂಜಿನ್ ಎರಡೂ ಬಿಎಂಸಿ ಎಂಬ ಬ್ರಿಟಿಷ್ ಕಂಪನಿಯ ಬಿ-ಸೀರೀಸ್ ಮನೆತನದವು. ಒಂದು ಬದಿಗೆ ಪ್ಲಗ್ಗು, ಡಿಸ್ಟ್ರಿಬ್ಯೂಟರ್. ಇನ್ನೊಂದು ಬದಿಗೆ ಕಾರ್ಬುರೇಟರ್, ಸೈಲೆನ್ಸರ್ ಕೊಳವೆ. ಅರಸೀಕೆರೆಯ ಮನೆ ಮುಂದೆ ಭಾನುವಾರ ಬೆಳಿಗ್ಗೆ ಅಪ್ಪ ಪಾಲಿಶ್ ಪೇಪರಿನಲ್ಲಿ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ (ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್ಚು) ಉಜ್ಜುತ್ತಿದ್ದದ್ದನ್ನು ನೋಡಿ ಬೆಳೆದವನಿಗೆ, ಇಂಗ್ಲೆಂಡಿನ ಕೊವೆಂಟ್ರಿಯ ಗ್ಯಾರೇಜಿನಲ್ಲಿ ಅದೇ ಎಂಜಿನ್ನಿನ ಅಣ್ಣ ಸಿಕ್ಕಂತಾಯಿತು.

ಇಂಗ್ಲೆಂಡಿನಲ್ಲಿರುವ ಕನ್ನಡದ ಗೆಳೆಯರು ಆಗಾಗ ಕೇಳುತ್ತಾರೆ: ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರ್ ತಗೋಬೇಕು, ಯಾವುದು ತಗೊಳ್ಳಲಿ, ಏನು ನೋಡ್ಬೇಕು? ಮೊದಲ ಕಾರಾದರೆ ಎಂಜಿಬಿಯನ್ನೇ ಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. 1962ರಿಂದ 1980ರವರೆಗೆ ಆಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ 5 ಲಕ್ಷಕ್ಕೂ ಹೆಚ್ಚು ತಯಾರಾದವು. ಹಾಗಾಗಿ ಇವತ್ತಿಗೂ ಬಿಡಿಭಾಗ ಸಿಗುತ್ತದೆ. ಇಡೀ ಬಾಡಿಯನ್ನೇ ಹೊಸದಾಗಿ ಮಾಡಿಕೊಡುವ ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆ ವಿಟ್ನಿಯಲ್ಲಿದೆ. ಇಷ್ಟು ಅನುಕೂಲ ಬೇರೆ ಹಳೆಯ ಕಾರುಗಳಿಗೆ ಸಿಗುವುದು ಕಷ್ಟ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ನೋಡಿ ಕೊಳ್ಳಬೇಡಿ, ಬಣ್ಣ ನೋಡಿಯಂತೂ ಕೊಳ್ಳಲೇಬೇಡಿ. ತಗಡು ನೋಡಿ ಕೊಳ್ಳಿ. ಎಂಜಿನ್ ಕೆಟ್ಟರೆ ಬಿಚ್ಚಿ ಓವರ್‌ಹಾಲ್ ಮಾಡಬಹುದು. ತಗಡು ತುಕ್ಕು ತಿಂದಿದ್ದರೆ ಖರ್ಚು ಎಲ್ಲಿಗೆ ನಿಲ್ಲುತ್ತದೆ ಅಂತ ಯಾರೂ ಹೇಳಲಾರರು.

1. ಯಾವ ವರ್ಷದ್ದು?

ಮೇಲ್ಛಾವಣಿ ತೆಗೆಯಬಹುದಾದದ್ದು ರೋಡ್‌ಸ್ಟರ್. 1965ರಲ್ಲಿ ಬಂದ ಗಟ್ಟಿ ಛಾವಣಿಯದು ಜಿಟಿ. ಮಳೆ ಚಳಿಯಲ್ಲೂ ಓಡಿಸಬೇಕು, ಹಿಂದೆ ಸಾಮಾನು ಇಡಬೇಕು ಅನ್ನುವವರಿಗೆ ಜಿಟಿಯೇ ಸರಿ. ಬೆಲೆಯೂ ಸಾಮಾನ್ಯವಾಗಿ ರೋಡ್‌ಸ್ಟರ್‌ಗಿಂತ ಕಡಿಮೆ.

1964ರ ಕೊನೆಯಿಂದ ಎಂಜಿನ್ನಿನ ಕ್ರ್ಯಾಂಕ್‌ಗೆ (ಪಿಸ್ಟನ್‌ಗಳು ತಿರುಗಿಸುವ ದಂಡಕ್ಕೆ) 3 ಬೇರಿಂಗ್ ಬದಲು 5 ಬೇರಿಂಗ್ ಬಂತು. ಎಂಜಿನ್ ಇನ್ನಷ್ಟು ನುಣುಪಾಯಿತು. 1967ರ ಕೊನೆಗೆ ಮಾರ್ಕ್ 2 ಬಂದಾಗ ಫಸ್ಟ್ ಗೇರಿಗೂ ಸಿಂಕ್ರೋ (ಗೇರು ಕಿರುಗುಟ್ಟದೆ ಬೀಳುವಂತೆ ಮಾಡುವ ಭಾಗ) ಸೇರಿತು, ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. ಬ್ಯಾಟರಿಯ ಮೈನಸ್ ಕೊನೆ ಅರ್ತ್ ಆಯಿತು. ಅದಕ್ಕೂ ಹಿಂದಿನ ಕಾರುಗಳಲ್ಲಿ ಪ್ಲಸ್ ಕೊನೆಯೇ ಅರ್ತ್. ಇದು ಗೊತ್ತಿಲ್ಲದೆ ಹೊಸ ರೇಡಿಯೋನೋ ಫೋನ್ ಚಾರ್ಜರೋ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ.

1974ರ ಕೊನೆಯಲ್ಲಿ ಕ್ರೋಮ್ ಬಂಪರ್ ಹೋಗಿ ದಪ್ಪ ಕಪ್ಪು ಬಂಪರ್ ಬಂತು. ಅಮೆರಿಕದ ನಿಯಮಕ್ಕಾಗಿ ಕಾರನ್ನು ಸ್ವಲ್ಪ ಎತ್ತರಿಸಿದರು. ತಿರುವಿನಲ್ಲಿ ವಾಲುವುದು ಜಾಸ್ತಿಯಾಯಿತು. ಜನ ಇವನ್ನು ಕೀಳಾಗಿ ನೋಡುತ್ತಾರೆ. ನಾನು ಒಪ್ಪುವುದಿಲ್ಲ. ತಗಡು ಚೆನ್ನಾಗಿರುವ ಕಪ್ಪು ಬಂಪರಿನ ಕಾರು, ತುಕ್ಕು ಹಿಡಿದ ಕ್ರೋಮ್ ಬಂಪರಿನ ಕಾರಿಗಿಂತ ಎಷ್ಟೋ ಪಾಲು ವಾಸಿ, ಅದೂ ಕಡಿಮೆ ದುಡ್ಡಿಗೆ. ಸಾಧ್ಯವಾದರೆ ಓವರ್‌ಡ್ರೈವ್ (ಸ್ವಿಚ್ ಒತ್ತಿದರೆ ಬೀಳುವ ಹೆಚ್ಚುವರಿ ಗೇರು) ಇರುವುದನ್ನೇ ಹುಡುಕಿ. ಹೆದ್ದಾರಿಯಲ್ಲಿ ಎಂಜಿನ್ನಿನ ಕೂಗು ಇಳಿಯುತ್ತದೆ, ಕಿವಿಗೂ ಪೆಟ್ರೋಲಿಗೂ ಒಳ್ಳೆಯದು.

2. ನೆಲಕ್ಕೆ ಮಂಡಿಯೂರಿ ನೋಡಿ

ನೋಡಲು ಹೋಗುವಾಗ ನಾಲ್ಕು ಸಾಮಾನು ತಗೊಂಡು ಹೋಗಿ: ಟಾರ್ಚು, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಹಳೆಯ ಚಾಪೆ, ಕೊಳೆಯಾದರೂ ಪರವಾಗಿಲ್ಲ ಅನ್ನುವ ಅಂಗಿ. ಹಗಲಲ್ಲೇ ಹೋಗಿ. ಮಳೆ ಬಿದ್ದು ಒದ್ದೆಯಾದ ಕಾರಿನ ಬಣ್ಣ ಎಂಥದ್ದಾದರೂ ಚೆನ್ನಾಗಿ ಕಾಣುತ್ತದೆ, ಆವಾಗ ನೋಡಬೇಡಿ.

ನಾನು ನೋಡಿದ ಮೊದಲ ಕಾರು ಕಡುಗೆಂಪು. ಡಿಸೆಂಬರಿನ ತುಂತುರು ಮಳೆ. ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಡ್ವಾನ್ಸ್ ಕೊಟ್ಟೇಬಿಡೋಣ ಅಂತ ಕೈ ಜೇಬಿಗೆ ಹೋಗಿತ್ತು. ಸುಮ್ನೆ ಒಮ್ಮೆ ಬಾಗಿಲ ಕೆಳಗೆ ಅಯಸ್ಕಾಂತ ಇಟ್ಟೆ. ಅಂಟಲಿಲ್ಲ, ಜಾರಿ ಬಿತ್ತು. ಒಂದು ಗೇಣು ಹಿಂದಕ್ಕೆ ಇಟ್ಟೆ, ಅಲ್ಲೂ ಬಿತ್ತು. ಬೆರಳ ಗೆಣ್ಣಿನಲ್ಲಿ ತಟ್ಟಿದರೆ ತಗಡಿನ ಟಣ್ ಸದ್ದಿಲ್ಲ, ಮಣ್ಣಿನ ಗೋಡೆ ತಟ್ಟಿದ ಹಾಗೆ ಧಪ್ ಅಂದಿತು. ಒಳಗೆ ಪೂರಾ ಪುಟ್ಟಿ. ಮಾರುವವರಿಗೆ ನಮಸ್ಕಾರ ಹೇಳಿ ವಾಪಸ್ ಬಂದೆ.

ಆ ಜಾಗಕ್ಕೆ ಸಿಲ್ ಅನ್ನುತ್ತಾರೆ. ಬಾಗಿಲ ಹೊಸ್ತಿಲಿನ ಕೆಳಗಿನ ಪೆಟ್ಟಿಗೆ ಅದು. ಎಂಜಿಬಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ರೋಡ್‌ಸ್ಟರ್‌ಗೆ ಛಾವಣಿಯೂ ಇಲ್ಲವಲ್ಲ, ಹಾಗಾಗಿ ಕಾರನ್ನು ನಡುವೆ ಬಗ್ಗದಂತೆ ಹಿಡಿದಿರುವುದರಲ್ಲಿ ಎರಡೂ ಬದಿಯ ಸಿಲ್‌ಗಳ ಪಾಲು ದೊಡ್ಡದು. ಹೊರಗಿನ ತಗಡು, ಒಳಗಿನ ತಗಡು, ಕೆಳಗೆ ಕ್ಯಾಸಲ್ ರೈಲ್ ಎಂಬ ಏಣಿನ ಪಟ್ಟಿ. ಎಲ್ಲ ಸೇರಿದರೆ ಬಲ. ಹೊರಗಿನ ತಗಡಿಗೆ ಮಾತ್ರ ತೇಪೆ ಹಾಕಿ ಬಣ್ಣ ಹೊಡೆದರೆ ಬಲ ಬರುವುದಿಲ್ಲ.

ಸಿಲ್ ಸೋತಿದೆಯಾ ಅಂತ ಕಾರೇ ಹೇಳುತ್ತದೆ. ಬಾಗಿಲು ಹಾಕಿ ಅದರ ಹಿಂಬದಿಯ ಸಂದು ನೋಡಿ. ಮೇಲಿನಿಂದ ಕೆಳಗಿನವರೆಗೂ ಒಂದೇ ಅಗಲ ಇರಬೇಕು. ಮೇಲೆ ಬಿಗಿಯಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವೆ ಕುಸಿಯುತ್ತಿದೆ ಅಂತ. ಬಾಗಿಲು ತೆಗೆದು ಹಾಕುವಾಗ ಎಲ್ಲಾದರೂ ತಗಲುತ್ತದಾ ನೋಡಿ.

ಆಮೇಲೆ ಚಾಪೆ ಹಾಸಿ ಕೆಳಗೆ ಮಲಗಿ. ಹಿಂದಿನ ಎಲೆಸ್ಪ್ರಿಂಗ್ ಕಟ್ಟಿರುವ ಜಾಗ, ಸೀಟಿನ ಹಿಂದೆ ಬ್ಯಾಟರಿ ಕೂರುವ ಪೆಟ್ಟಿಗೆ, ಮುಂದಿನ ಚಕ್ರದ ಹಿಂಬದಿ, ಕಾಲಿಡುವ ನೆಲ. ಒಳಗೆ ಕಾರ್ಪೆಟ್ ಎತ್ತಿ ಕೈಯಿಟ್ಟು ನೋಡಿ, ಒದ್ದೆ ಇದ್ದರೆ ಅಡಿಯ ತಗಡು ಕೊಳೆಯುತ್ತಿದೆ ಅಂತಲೇ ಇಟ್ಟುಕೊಳ್ಳಿ. ಅಷ್ಟು ಹೊತ್ತು ಮಲಗಿ ನೋಡಲು ಮಾರುವವರು ಬಿಡದಿದ್ದರೆ ಬೇರೆ ಕಾರು ನೋಡಿ.

3. ಓಡಿಸಿ ನೋಡುವಾಗ

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಬರುವ ಹೊತ್ತಿಗೆ ಬಿಸಿ ಮಾಡಿ ಇಟ್ಟಿದ್ದರೆ ಕಾರಣ ಕೇಳಿ. ಇಗ್ನಿಷನ್ ಹಾಕಿದ ಕೂಡಲೇ ಹಿಂದಿನಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು ಬಂದು ನಿಲ್ಲುತ್ತದೆ. ಅದು ಎಸ್‌ಯು ಕಂಪನಿಯ ಪೆಟ್ರೋಲ್ ಪಂಪು. ನಿಂತರೆ ಸರಿ. ನಿಲ್ಲದೆ ಬಡಿಯುತ್ತಲೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಕಾರ್ಬುರೇಟರ್ ತುಂಬಿ ಸುರಿಯುತ್ತಿದೆ.

ಚೆನ್ನಾಗಿ ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಮುಳ್ಳು ನೋಡಿ. ಓಡುವಾಗ 50 ಪಿಎಸ್‌ಐಗಿಂತ ಮೇಲಿರಬೇಕು. ನಿಂತಾಗ 15ರ ಹತ್ತಿರಕ್ಕೆ ಇಳಿದರೆ ಗಾಬರಿ ಬೇಡ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಹಿಂದೆ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಓವರ್‌ಡ್ರೈವ್ ಇದ್ದರೆ ಟಾಪ್ ಗೇರಿನಲ್ಲಿ 50 ಮೈಲಿ ವೇಗಕ್ಕೆ ಸ್ವಿಚ್ ಒತ್ತಿ. ಆರ್‌ಪಿಎಂ ಮುಳ್ಳು ಸುಮಾರು ಐದನೇ ಒಂದು ಪಾಲು ಇಳಿಯಬೇಕು. ಇಳಿಯದಿದ್ದರೂ ಎಷ್ಟೋ ಸಲ ತೊಂದರೆ ಗೇರ್‌ಬಾಕ್ಸ್‌ನಲ್ಲಿರುವುದಿಲ್ಲ, ಬರೀ ವೈರು ಇಲ್ಲವೇ ಸ್ವಿಚ್ಚು ಕೈಕೊಟ್ಟಿರುತ್ತದೆ. ಚೌಕಾಸಿಗೆ ಇದು ಒಳ್ಳೆಯ ಅವಕಾಶ.

ಕ್ಲಚ್ ಮಾತ್ರ ಗಮನವಿಟ್ಟು ನೋಡಿ. ಈ ಕಾರಿನಲ್ಲಿ ಕ್ಲಚ್ ಪ್ಲೇಟ್ ಬದಲಿಸಲು ಎಂಜಿನ್ ಹೊರಗೆ ಎತ್ತಬೇಕು. ಕಡ್ಡಿ ಚಕ್ರ ಇದ್ದರೆ ಒಂದು ಚಕ್ರ ಜಾಕಿನ ಮೇಲೆ ಎತ್ತಿಸಿ, ಒಬ್ಬರು ಬ್ರೇಕ್ ಒತ್ತಿ ಹಿಡಿದಿರಲಿ, ನೀವು ಚಕ್ರವನ್ನು ಹಿಂದೆ ಮುಂದೆ ತಿರುಗಿಸಿ. ಟಕ್ ಟಕ್ ಅಂತ ಆಡಿದರೆ ನಡುವಿನ ಹಲ್ಲು ಸವೆದಿದೆ. ಚಕ್ರವನ್ನೂ ಹಬ್ಬನ್ನೂ ಎರಡನ್ನೂ ಬದಲಿಸಬೇಕಾಗುತ್ತದೆ.

4. ಕಾಗದಪತ್ರ

ಬಾನೆಟ್ ಒಳಗಿನ ಫಲಕದ ಚಾಸಿ ನಂಬರ್ ಮತ್ತು ವಿ5ಸಿ ಎಂಬ ನೋಂದಣಿ ಪುಸ್ತಕದ ನಂಬರ್ ಒಂದೇ ಇರಬೇಕು. ವಿ5ಸಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕ ಅಂತ ಅರ್ಥವಲ್ಲ, ಹಾಗಾಗಿ ರಸೀದಿಗಳನ್ನೂ ಕೇಳಿ. ಜಿಎಚ್‌ಎನ್ ಅಂತ ಶುರುವಾದರೆ ರೋಡ್‌ಸ್ಟರ್, ಜಿಎಚ್‌ಡಿ ಆದರೆ ಜಿಟಿ. ಜೊತೆಗೆ ಎಲ್ ಇದ್ದರೆ ಎಡಗೈ ಸ್ಟೀರಿಂಗಿನದಾಗಿ ತಯಾರಾದದ್ದು. ನಂಬರ್ ಪ್ಲೇಟ್ ಹಾಕಿದರೆ ಎಂಒಟಿ (ಕಾರು ರಸ್ತೆಗೆ ಯೋಗ್ಯವೇ ಅಂತ ವರ್ಷಕ್ಕೊಮ್ಮೆ ನೋಡುವ) ಪರೀಕ್ಷೆಯ ಹಳೆಯ ಫಲಿತಾಂಶಗಳು ಸರ್ಕಾರದ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ತುಕ್ಕಿನ ಬಗ್ಗೆ ಪರೀಕ್ಷಕರು ಬರೆದ ಟಿಪ್ಪಣಿಗಳನ್ನು ಒಂದೂ ಬಿಡದೆ ಓದಿ.

40 ವರ್ಷ ದಾಟಿದ ಕಾರಿಗೆ ಬ್ರಿಟನ್ನಿನಲ್ಲಿ ರಸ್ತೆ ತೆರಿಗೆ ಇಲ್ಲ. ಆದರೆ ಅದು ತಾನಾಗಿ ಆಗುವುದಿಲ್ಲ, ವರ್ಗ ಬದಲಿಸಿಕೊಡಿ ಅಂತ ಅರ್ಜಿ ಹಾಕಬೇಕು. ದೊಡ್ಡ ಮಾರ್ಪಾಡು ಮಾಡಿರದಿದ್ದರೆ ಎಂಒಟಿಯೂ ಕಡ್ಡಾಯವಲ್ಲ. ನಾನಂತೂ ವರ್ಷಕ್ಕೊಮ್ಮೆ ಮಾಡಿಸುತ್ತೇನೆ. ನಮ್ಮ ಕಣ್ಣಿಗೆ ಬೀಳದ್ದು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ, ಪಕ್ಕದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಿಸುವ ಕಾರು ಅಲ್ವಾ. ಇನ್ಶೂರೆನ್ಸ್ ಮಾಡಿಸುವಾಗ ಕಾರಿನ ಬೆಲೆಯನ್ನು ಮೊದಲೇ ಒಪ್ಪಿಕೊಳ್ಳುವ ಪಾಲಿಸಿ ಕೇಳಿ.

5. ಮನೆಗೆ ತಂದ ಮೊದಲ ವಾರ

ಓಡಿಸುವ ಆಸೆ ತಡೆದುಕೊಳ್ಳಿ. ಮೊದಲು ಬ್ರೇಕು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಹಳೆಯ ಬ್ರೇಕ್ ಆಯಿಲ್ ಪೂರ್ತಿ ತೆಗೆದು ಡಾಟ್ 4 ದರ್ಜೆಯ ಹೊಸದು ಹಾಕಿ. ರಬ್ಬರ್ ಪೈಪು ಬಗ್ಗಿಸಿ ನೋಡಿ, ಸೀಳು ಕಂಡರೆ ಬದಲಿಸಿ. ಹಳೆಯ ಲೈನರ್‌ನಲ್ಲಿ ಆಸ್ಬೆಸ್ಟಸ್ ಇರಬಹುದು, ಡ್ರಮ್ಮಿನ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರಿನ ಗೆರೆ ಎಷ್ಟೇ ಆಳವಿದ್ದರೂ 10 ವರ್ಷ ದಾಟಿದ್ದನ್ನು ಬಿಸಾಡಿ.

ಪೆಟ್ರೋಲ್ ಪೈಪುಗಳೂ ಅಷ್ಟೇ ಮುಖ್ಯ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ 10 ಪರ್ಸೆಂಟ್‌ವರೆಗೆ ಎಥನಾಲ್ ಇರುತ್ತದೆ. ಹಳೆಯ ರಬ್ಬರನ್ನು ಅದು ತಿನ್ನುತ್ತದೆ. ಎಥನಾಲ್ ತಡೆಯುವ ಹೊಸ ಪೈಪು ಹಾಕಿ, ಆಮೇಲೂ ಇ5 ಅಂತ ಬರೆದ ಸೂಪರ್ ಪೆಟ್ರೋಲನ್ನೇ ತುಂಬಿಸಿ.

ಜಾಕ್ ಇಡುವಾಗ ಸಿಲ್ಲಿನ ಕೆಳಗೆ ಇಡಬೇಡಿ. ಮುಂದೆ ದಪ್ಪ ಅಡ್ಡತೊಲೆಯ ಕೆಳಗೆ, ಹಿಂದೆ ಆಕ್ಸಲ್ ಕೆಳಗೆ ಇಡಿ. ಸ್ಟ್ಯಾಂಡ್ ಕೊಡದೆ ಕಾರಿನಡಿಗೆ ಹೋಗಲೇಬೇಡಿ. ಪಾನಾಗಳು ಇಂಚಿನ ಅಳತೆಯವು ಬೇಕು: ಏಳು ಹದಿನಾರಾಂಶ, ಅರ್ಧ, ಒಂಬತ್ತು ಹದಿನಾರಾಂಶ. ಮಿಲಿಮೀಟರ್ ಪಾನಾ ಹಾಕಿದರೆ ಬೋಲ್ಟಿನ ಮೂಲೆ ದುಂಡಗಾಗುತ್ತದೆ.

ಎಂಜಿನ್ನಿಗೆ 20ಡಬ್ಲ್ಯು-50 ಆಯಿಲ್, ಸುಮಾರು 4 ಲೀಟರ್ ಚಿಲ್ಲರೆ. ಹಳೆಯ ಕಾರುಗಳಿಗೆಂದೇ ಮಾಡಿದ, ಜಿಂಕ್ ಇರುವುದನ್ನು ತಗೊಳ್ಳಿ. ಮುಂದಿನ ಚಕ್ರಗಳ ಕಿಂಗ್‌ಪಿನ್‌ಗೆ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಚ್ಚಿಗೆ) ಒಂದೊಂದು ಬದಿ 3 ಗ್ರೀಸ್ ನಿಪ್ಪಲ್ ಇವೆ. 3000 ಮೈಲಿಗೊಮ್ಮೆ ಗ್ರೀಸ್ ಗನ್ ಹಿಡಿದು, ಹಳೆಯ ಕಪ್ಪು ಗ್ರೀಸ್ ಹೊರಗೆ ಬರುವವರೆಗೂ ಒತ್ತಿ. ಇದನ್ನು ಮರೆತ ಕಾರುಗಳ ಸ್ಟೀರಿಂಗ್ ಕಲ್ಲಿನ ಹಾಗೆ ಆಗಿರುತ್ತದೆ.

6. ಟ್ಯಾಪೆಟ್ಟು, ಪಾಯಿಂಟು

ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು, ತಣ್ಣಗಿರುವಾಗ 0.015 ಇಂಚು, ಅಂದರೆ 0.38 ಮಿಲಿಮೀಟರ್. ಪ್ಲಗ್ ಎಲ್ಲ ಬಿಚ್ಚಿ, ಟಾಪ್ ಗೇರ್ ಹಾಕಿ, ಕಾರನ್ನು ಸ್ವಲ್ಪ ಸ್ವಲ್ಪ ತಳ್ಳಿದರೆ ಎಂಜಿನ್ ತಿರುಗುತ್ತದೆ. ಒಟ್ಟು 8 ವಾಲ್ವ್. ಒಂಬತ್ತರ ಲೆಕ್ಕ ನೆನಪಿಟ್ಟುಕೊಂಡರೆ ಸಾಕು. 1ನೇ ವಾಲ್ವ್ ಪೂರ್ತಿ ಕೆಳಗಿಳಿದಾಗ 8ನೆಯದನ್ನು ಸೆಟ್ ಮಾಡಿ. 3 ಇಳಿದಾಗ 6, 5 ಇಳಿದಾಗ 4, 2 ಇಳಿದಾಗ 7. ಹೀಗೇ ಎರಡೂ ಕೂಡಿದರೆ 9 ಬರಬೇಕು.

ಪ್ರತಿ ಸಲದ ಅಳತೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇದಕ್ಕೆ ಕಾರಣವಿದೆ. ಈ ಎಂಜಿನ್ ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು. ಸೀಸವಿಲ್ಲದೆ ಎಕ್ಸಾಸ್ಟ್ ವಾಲ್ವಿನ ಸೀಟು ಸವೆದು ವಾಲ್ವ್ ಒಳಗೆ ಇಳಿಯುತ್ತದೆ, ಗ್ಯಾಪ್ ಕಮ್ಮಿಯಾಗುತ್ತಾ ಬರುತ್ತದೆ. ನೋಟ್‌ಬುಕ್ಕಿನಲ್ಲಿ ಒಂದೇ ವಾಲ್ವಿನ ಗ್ಯಾಪ್ ಮತ್ತೆ ಮತ್ತೆ ಕಿರಿದಾಗಿದ್ದರೆ ಹೆಡ್ ಬಿಚ್ಚಿ ಗಟ್ಟಿ ಸೀಟು ಹಾಕಿಸುವ ಸಮಯ ಬಂತು. ಅಲ್ಲಿಯವರೆಗೆ ಪೆಟ್ರೋಲಿಗೆ ಸೀಸದ ಬದಲಿ ದ್ರವ ಬೆರೆಸಿ.

ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಪ್ಲಗ್ ಗ್ಯಾಪ್ 0.64. ಫೈರಿಂಗ್ ವರಸೆ 1-3-4-2. ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಕಿಟ್ ಹಾಕಬಹುದು, ತಪ್ಪಿಲ್ಲ. ಹಾಕಿದರೂ ಹಳೆಯ ಪಾಯಿಂಟ್ ಸೆಟ್ ಮತ್ತು ಕಂಡೆನ್ಸರ್ ಡಿಕ್ಕಿಯಲ್ಲಿರಲಿ. ದಾರಿಯಲ್ಲಿ ಕಿಟ್ ಕೈಕೊಟ್ಟರೆ ಅರ್ಧ ಗಂಟೆಯಲ್ಲಿ ಮನೆಯ ಕಡೆ ಹೊರಡಬಹುದು.

7. ಎರಡು ಕಾರ್ಬುರೇಟರ್, ಒಂದು ರಬ್ಬರ್ ಪೈಪು

ನನಗೆ ಬಹಳ ಇಷ್ಟವಾದ ಕೆಲಸ ಇದು. ಎಸ್‌ಯು ಕಾರ್ಬುರೇಟರ್ ಎರಡು ಇರುತ್ತವೆ. ಎರಡೂ ಸಮಸಮ ಉಸಿರಾಡಬೇಕು. ಟ್ಯಾಪೆಟ್ಟು, ಪಾಯಿಂಟು, ಪ್ಲಗ್ಗು ಸರಿಮಾಡದೆ ಇದಕ್ಕೆ ಕೈಹಾಕಬೇಡಿ.

ಮೊದಲು ಕಾರ್ಬುರೇಟರಿನ ಮೇಲಿನ ಮುಚ್ಚಳ ತಿರುಗಿಸಿ ತೆಗೆಯಿರಿ. ಅದರ ಜೊತೆ ಸಣ್ಣ ಹಿತ್ತಾಳೆ ಕಡ್ಡಿ ಬರುತ್ತದೆ. ಒಳಗೆ 20ರ ಗ್ರೇಡಿನ ಎಂಜಿನ್ ಆಯಿಲ್ ಹಾಕಿ. ಮುಚ್ಚಳ ವಾಪಸ್ ಇಡುವಾಗ, ಥ್ರೆಡ್ಡಿಗೆ ತಾಗಲು ಇನ್ನೂ 6 ಮಿಲಿಮೀಟರ್ ಇರುವಾಗಲೇ ಕೈಗೆ ತಡೆ ಸಿಗಬೇಕು. ಸಿಕ್ಕಿದರೆ ಆಯಿಲ್ ಸಾಕು.

ಎಂಜಿನ್ ಬಿಸಿ ಮಾಡಿ, ಏರ್ ಫಿಲ್ಟರ್ ತೆಗೆದು, ಎರಡೂ ಕಾರ್ಬುರೇಟರನ್ನು ಸೇರಿಸುವ ಕಡ್ಡಿಯ ಹಿಡಿ ಸಡಿಲಿಸಿ. ಮೊಳಕೈಯುದ್ದದ ರಬ್ಬರ್ ಪೈಪು ತಗೊಳ್ಳಿ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಯ ಹತ್ತಿರ. ಸುಯ್ ಅನ್ನುವ ಗಾಳಿಯ ಸದ್ದು ಕೇಳುತ್ತದೆ. ಈಗ ಇನ್ನೊಂದಕ್ಕೆ ಹಿಡಿಯಿರಿ. ಒಂದರದ್ದು ಜೋರು, ಒಂದರದ್ದು ಮೆಲ್ಲಗೆ ಇದ್ದರೆ ಐಡ್ಲಿಂಗ್ ಸ್ಕ್ರೂ ಕಾಲು ಸುತ್ತು ಅತ್ತಿತ್ತ ತಿರುಗಿಸಿ ಎರಡೂ ಒಂದೇ ಶ್ರುತಿಗೆ ತನ್ನಿ. ಮೊದಲ ಸಲ ನನಗೆ ಒಂದೂವರೆ ಗಂಟೆ ಹಿಡಿಯಿತು. ಎರಡೂ ಕೂಡಿದ ಗಳಿಗೆಯಲ್ಲಿ ಎಂಜಿನ್ನಿನ ನಡುಕ ನಿಂತಿತು. ರೆಕ್ಕೆಯ (ಚಕ್ರದ ಮೇಲಿನ ಮಡ್‌ಗಾರ್ಡಿನ) ಮೇಲಿಟ್ಟಿದ್ದ ಸ್ಕ್ರೂಡ್ರೈವರ್ ಅಷ್ಟು ಹೊತ್ತು ಗಲಗಲ ಅನ್ನುತ್ತಿದ್ದದ್ದು ಸುಮ್ಮನಾಯಿತು.

ಆಮೇಲೆ ಪೆಟ್ರೋಲ್ ಹದ. ಕಾರ್ಬುರೇಟರಿನ ಕೆಳಗೆ ಸಣ್ಣ ಪಿನ್ ಇದೆ. ಅದನ್ನು ಮೆಲ್ಲಗೆ, ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ. ಎಂಜಿನ್ ವೇಗ ಹೆಚ್ಚಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ವೇಗ ಕುಸಿದರೆ ಪೆಟ್ರೋಲ್ ಕಮ್ಮಿ. ಒಂದು ಕ್ಷಣ ಸ್ವಲ್ಪ ಏರಿ ಮತ್ತೆ ಮೊದಲಿನಂತಾದರೆ ಹದ ಸರಿ. ಅಡಿಯ ಷಟ್ಕೋನದ ನಟ್ಟನ್ನು ಮೇಲೇರಿಸಿದರೆ ಪೆಟ್ರೋಲ್ ಕಮ್ಮಿಯಾಗುತ್ತದೆ, ಇಳಿಸಿದರೆ ಜಾಸ್ತಿ. ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ. ಈ ನಟ್ಟು ಇರುವುದು ಎಚ್‌ಎಸ್4 ಮಾದರಿಯಲ್ಲಿ. ಆಮೇಲಿನ ಎಚ್‌ಐಎಫ್4ರಲ್ಲಿ ಇದೇ ಕೆಲಸಕ್ಕೆ ಬದಿಯಲ್ಲಿ ಸ್ಕ್ರೂ ಇದೆ. ಕೊನೆಗೆ ಸಡಿಲಿಸಿದ ಹಿಡಿ ಬಿಗಿ ಮಾಡಲು ಮರೆಯಬೇಡಿ.

8. ವೈರಿಂಗ್

ಈ ಕಾರಿನಲ್ಲಿರುವ ಲೂಕಾಸ್ ಕಂಪನಿಯ ವೈರಿಂಗ್ ಬಗ್ಗೆ ಜನ ತಮಾಷೆ ಮಾಡುತ್ತಾರೆ. ವೈರಿಗಿಂತ ಜಾಯಿಂಟಿನದೇ ತಪ್ಪು ಜಾಸ್ತಿ. ಲೈಟ್ ಮಂಕಾದರೆ, ಇಂಡಿಕೇಟರ್ ಹಾಕಿದಾಗ ಬೇರೆ ಲೈಟ್ ಮಿಟುಕಿದರೆ, ಮೊದಲು ಅರ್ತ್ ಬಿಚ್ಚಿ ತಗಡು ಹೊಳೆಯುವಂತೆ ಉಜ್ಜಿ ಮತ್ತೆ ಬಿಗಿ ಮಾಡಿ. ಬಣ್ಣಗಳನ್ನು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಕಂದು ಸದಾ ಜೀವಂತ. ಬಿಳಿ ಇಗ್ನಿಷನ್. ಹಸಿರು ಇಗ್ನಿಷನ್‌ನಿಂದ ಫ್ಯೂಸ್ ದಾಟಿ ಬಂದದ್ದು. ನೇರಳೆ ಸದಾ ಜೀವಂತ ಆದರೆ ಫ್ಯೂಸ್ ಇರುವುದು. ಕಪ್ಪು ಅರ್ತ್. ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿ ಕಂಡರೆ ಅಚ್ಚರಿಪಡಬೇಡಿ, 1974ರವರೆಗೂ ಹಾಗೇ ಬರುತ್ತಿತ್ತು.

9. ಟಿಂಕರಿಂಗ್ ಮಾಡಿಸಲೇಬೇಕಾದರೆ

ಸಿಲ್ ಬದಲಿಸುವವರನ್ನು ಎರಡು ಪ್ರಶ್ನೆ ಕೇಳಿ. ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡ ಕಬ್ಬಿಣ ಕೊಡುತ್ತೀರಾ? ಮುಂದಿನ ರೆಕ್ಕೆಯ ಹಿಂದೆ ಅಡಗಿರುವ ಸಿಲ್ಲಿನ ತುದಿಯನ್ನೂ ಸರಿ ಮಾಡುತ್ತೀರಾ? ಎರಡಕ್ಕೂ ಹೌದು ಅನ್ನದವರಿಗೆ ಕಾರು ಕೊಡಬೇಡಿ. ಅಡ್ಡ ಕೊಡದೆ ಕತ್ತರಿಸಿದರೆ ಕಾರು ಬಗ್ಗಿ, ಹೊಸ ಸಿಲ್ ಆ ಬಾಗಿನಲ್ಲೇ ಕೂತುಬಿಡುತ್ತದೆ. ಆಮೇಲೆ ಬಾಗಿಲು ಸರಿಯಾಗಿ ಹಾಕಿಕೊಳ್ಳುವುದಿಲ್ಲ. ವೆಲ್ಡಿಂಗ್ ನಡೆಯುವಾಗ ದಿನವೂ ಫೋಟೊ ತೆಗೆಸಿಕೊಳ್ಳಿ. ಮುಂದೆ ಮಾರುವಾಗ ಆ ಫೋಟೊಗಳಿಗೆ ಬೆಲೆಯಿದೆ.

ಕೆಲಸ ಮುಗಿದ ಮೇಲೆ ಸಿಲ್ ಒಳಗೆ, ಬಾಗಿಲ ಒಳಗೆ ಮೇಣದ ಸ್ಪ್ರೇ ಹೊಡೆಸಿ. ಕೆಳಗಿನ ನೀರಿಳಿಯುವ ತೂತುಗಳು ಕಟ್ಟದಂತೆ ತಂತಿ ಆಡಿಸಿ. ಮುಂದಿನ ರೆಕ್ಕೆಗಳ ಒಳಗೆ ಕೆಸರು ಕೂರುವ ಮೂಲೆಗಳನ್ನು ವರ್ಷಕ್ಕೆರಡು ಸಲ ಪೈಪು ಹಿಡಿದು ತೊಳೆಯಿರಿ.

10. ಚಳಿಗಾಲ

ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ. ಉಪ್ಪಿಗಿಂತ ದೊಡ್ಡ ಶತ್ರು ಈ ಕಾರಿಗೆ ಇಲ್ಲ. ನವೆಂಬರಿನಲ್ಲಿ ಆಯಿಲ್ ಬದಲಿಸಿ, ಟ್ಯಾಂಕ್ ತುಂಬಿಸಿ, ಬ್ಯಾಟರಿಯ ಅರ್ತ್ ಬಿಚ್ಚಿ, ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರ ಉರುಳದಂತೆ ಅಡ್ಡ ಕೊಟ್ಟು ನಿಲ್ಲಿಸಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಬಟ್ಟೆಯದು ಇರಲಿ. ವಾರಕ್ಕೊಮ್ಮೆ ಸುಮ್ನೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಅಭ್ಯಾಸ ಬೇಡ. ಅಷ್ಟರಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಆಯಿಲ್‌ನಲ್ಲೂ ಸೈಲೆನ್ಸರ್‌ನಲ್ಲೂ ನೀರು ಕೂರುತ್ತದೆ. ಒಣ ದಿನ ನೋಡಿ ಹದಿನೈದು ಮೈಲಿ ಓಡಿಸಿ, ಇಲ್ಲವೇ ಮುಟ್ಟದೆ ಬಿಡಿ.

ವಸಂತ ಬಂದಾಗ ಅವಸರ ಬೇಡ. ಬ್ರೇಕ್ ಪೆಡಲ್ ಹತ್ತು ಸಲ ಒತ್ತಿ, ಕೆಳಗೆ ಬಗ್ಗಿ ನಾಲ್ಕೂ ಚಕ್ರದ ಹಿಂದೆ ಸೋರಿದೆಯಾ ನೋಡಿ. ಪ್ಲಗ್ ಬಿಚ್ಚಿ ಸೆಲ್ಫ್ ಹೊಡೆಯಿರಿ, ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೂ. ಪ್ಲಗ್ ವಾಪಸ್ ಹಾಕಿ. ಇಗ್ನಿಷನ್ ಹಾಕಿ ಪೆಟ್ರೋಲ್ ಪಂಪಿನ ಟಿಕ್ ಟಿಕ್ ನಿಲ್ಲುವವರೆಗೆ ಕಾಯಿರಿ. ಚೋಕ್ ಎಳೆದು ಸ್ಟಾರ್ಟ್ ಮಾಡಿ.

ಕಳೆದ ಮಾರ್ಚಿನಲ್ಲಿ ಅಪ್ಪ ಬಂದಿದ್ದರು. ಗ್ಯಾರೇಜಿನ ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದರು. ಎಂಜಿನ್ ಹತ್ತಿಕೊಂಡ ಮೇಲೆ ಒಂದು ನಿಮಿಷ ಕಿವಿಗೊಟ್ಟು ಕೇಳಿ, "ಮೂರನೇ ಟ್ಯಾಪೆಟ್ ಸ್ವಲ್ಪ ಸಡಿಲ ಇದೆ ಕಣೋ" ಅಂದರು. ಎಂಜಿನ್ ತಣ್ಣಗಾದ ಮೇಲೆ ಅಳೆದು ನೋಡಿದೆ. 0.45 ಮಿಲಿಮೀಟರ್ ಇತ್ತು. ಅವರೇ ಪಾನಾ ಹಿಡಿದು ಸರಿ ಮಾಡಿದರು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.